ತಣ್ಣನೆ ಗಾಡಿಯ ಒಳಗೆ ಏನಾಗುತ್ತಿದೆ? ವೈರ್‌ಲೆಸ್ ಸೆನ್ಸರ್ ಹಾಕುವುದು ಹೇಗೆ

ಗೋಡೌನ್ ಬಿಡುವಾಗ 4 ಡಿಗ್ರಿ, ಇಳಿಸುವಾಗಲೂ 4 ಡಿಗ್ರಿ. ನಡುವೆ ಎರಡು ಗಂಟೆ ಕೂಲಿಂಗ್ ನಿಂತಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹಾಲಾದರೆ ಒಡೆದು ತಾನೇ ಹೇಳುತ್ತದೆ. ಕೆಟ್ಟ ಲಸಿಕೆ ಎಷ್ಟೋ ಸಲ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ದಾರಿಯ ಆ ಎರಡು ಗಂಟೆಯ ಲೆಕ್ಕ ಸಿಗಲೆಂದೇ, ಗಾಡಿಯೊಳಗಿನ ಉಷ್ಣತೆ ಅಳೆದು ವೈರ್ ಇಲ್ಲದೆ ಕಳಿಸುವ ಈ ಸೆನ್ಸರ್.

ಕೊಳ್ಳುವ ಮೊದಲು ನಿಮ್ಮ ಮಾಲಿನ ಮಿತಿ ಬರೆದಿಟ್ಟುಕೊಳ್ಳಿ. ಬಹುತೇಕ ಲಸಿಕೆಗಳಿಗೆ 2ರಿಂದ 8 ಡಿಗ್ರಿ, ಫ್ರೋಜನ್ ಆಹಾರಕ್ಕೆ ಮೈನಸ್ 18 ಅಥವಾ ಇನ್ನೂ ಕೆಳಗೆ. ತಣ್ಣಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ: ಬಾಳೆಹಣ್ಣು ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಾಗುತ್ತದೆ, ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೊಂದೇ ದಾರಿ. ಹಾಗಾಗಿ ಮಿತಿಗಿಂತ ಮೇಲೆ ಹೋದರೂ ಕೆಳಗೆ ಹೋದರೂ ಅಲಾರಂ ಕೂಗಬೇಕು.

ಬ್ಲೂಟೂತ್ ಸೆನ್ಸರ್ ಹತ್ತಿರದಲ್ಲಿ ಕೇಳಿಸಿಕೊಳ್ಳುವ ಫೋನ್ ಅಥವಾ ಗೇಟ್‌ವೇ (ಸೆನ್ಸರ್‌ನ ಮಾಹಿತಿ ಪಡೆದು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆ) ಇದ್ದರೆ ಮಾತ್ರ ಮಾಹಿತಿ ಕಳಿಸುತ್ತದೆ. ಸಿಮ್ ಇರುವುದು ನೇರವಾಗಿ ಕಳಿಸುತ್ತದೆ, ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಯಾವುದಾದರೂ ಸರಿ, ಒಳಗೆ ಮೆಮೊರಿ ಇರಲೇಬೇಕು. ಸಿಗ್ನಲ್ ಸಿಗದ ಕಡೆ ಅಳತೆಯನ್ನು ಹಿಡಿದಿಟ್ಟುಕೊಂಡು ಆಮೇಲೆ ಕಳಿಸಬೇಕು ನೋಡಿ. ಇನ್ನೊಂದು ಮಾತು, ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿ ಖುಷಿಪಡಬೇಡಿ: ಲೋಹದ ಗೋಡೆ ಸಿಗ್ನಲ್ ತಡೆಯುತ್ತದೆ, ನೀರಿನಂಶ ಇರುವ ಮಾಲು ಬ್ಲೂಟೂತ್ ಅಲೆಯನ್ನು ನುಂಗುತ್ತದೆ. ಪೂರ್ತಿ ಲೋಡ್ ಮಾಡಿ, ಬಾಗಿಲು ಹಾಕಿ ನೋಡಿ.

ಸೆನ್ಸರ್ ಸರಿ ಹೇಳುತ್ತಿದೆಯಾ? ಪುಡಿ ಐಸ್ ತುಂಬಿ, ಸಂದು ತುಂಬುವಷ್ಟು ನೀರು ಹಾಕಿ, ಕಲಸುತ್ತಾ ಸೆನ್ಸರ್‌ನ ಉಷ್ಣತೆ ಅಳೆಯುವ ಕಡ್ಡಿಯನ್ನು ಮುಳುಗಿಸಿ. ಸ್ವಲ್ಪ ಹೊತ್ತಾದ ಮೇಲೆ 0 ಡಿಗ್ರಿ ಬರಬೇಕು. ಒಂದೂವರೆ ತೋರಿಸಿದರೆ ಅದನ್ನು ನಂಬಿ ಔಷಧ ಕಳಿಸಬೇಡಿ.

ಈಗ ಜಾಗ. ಹೆಚ್ಚಿನವರು ಎಡವುವುದು ಇಲ್ಲೇ. ಕೈಗೆ ಸಿಕ್ಕ ಗೋಡೆಗೆ ಅಂಟಿಸಿಬಿಡುತ್ತಾರೆ, ಅದು ಗೋಡೆಯ ಬಿಸಿಯನ್ನು ಹೇಳುತ್ತಾ ಕೂರುತ್ತದೆ. ಬಾಗಿಲ ಬಳಿಯ ಮಾಲು ಸಾಮಾನ್ಯವಾಗಿ ಬೇಗ ಬಿಸಿಯಾಗುತ್ತದೆ, ತಣ್ಣನೆ ಗಾಳಿ ನೇರವಾಗಿ ಬಡಿಯುವ ಡಬ್ಬಗಳು ಹೆಪ್ಪುಗಟ್ಟಬಹುದು, ರಾಶಿಯ ನಡುವೆ ಗಾಳಿಯೇ ಆಡುವುದಿಲ್ಲ. ಕನಿಷ್ಠ ಈ ಮೂರು ಕಡೆ ಒಂದೊಂದು ಇಡಿ. ಗಾಳಿಯ ಉಷ್ಣತೆ ಬಾಗಿಲು ತೆರೆದ ಕೂಡಲೇ ಜಿಗಿಯುತ್ತದೆ, ಮಾಲಿನದು ನಿಧಾನಕ್ಕೆ ಏರುತ್ತದೆ. ಅದಕ್ಕೇ ಲಸಿಕೆ ಸಾಗಿಸುವವರು ಕಡ್ಡಿಯನ್ನು ಗ್ಲೈಕಾಲ್ (ಸುಲಭವಾಗಿ ಹೆಪ್ಪುಗಟ್ಟದ ದ್ರವ) ತುಂಬಿದ ಪುಟ್ಟ ಬಾಟಲಿಯಲ್ಲಿ ಇಡುತ್ತಾರೆ. ಆಗ ಅದು ಮಾಲಿನ ಹಾಗೇ ನಿಧಾನವಾಗಿ ಬದಲಾಗುತ್ತದೆ.

ಹಾಗೇ, ಗಾಡಿಯ ಕೂಲಿಂಗ್ ಇರುವುದು ತಣ್ಣಗಿರುವ ಮಾಲನ್ನು ಹಾಗೇ ಕಾಯಲು. ಬಿಸಿ ಮಾಲು ತುಂಬಿಸಿ ಸೆನ್ಸರ್ ಮೇಲೆ ಗೂಬೆ ಕೂರಿಸಬೇಡಿ.

ಅಳತೆ ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಸಾಕು. ಆದರೆ ಮಿತಿ ದಾಟಿದ ಕ್ಷಣವೇ ಅಲಾರಂ ಕೂಗುವಂತೆ ಇಟ್ಟರೆ, ಬಾಗಿಲು ತೆಗೆದಾಗಲೆಲ್ಲ ಕೂಗಿ ಕೂಗಿ, ಎರಡನೇ ದಿನ ಯಾರೋ ಅದನ್ನು ಮ್ಯೂಟ್ ಮಾಡಿರುತ್ತಾರೆ ಅಲ್ವಾ! ಹತ್ತು ಹದಿನೈದು ನಿಮಿಷ ಮಿತಿಯ ಹೊರಗೇ ಇದ್ದರೆ ಮಾತ್ರ ಕೂಗಲಿ. ತುಂಬಾ ಸೂಕ್ಷ್ಮ ಮಾಲಾದರೆ ಇನ್ನೂ ಬೇಗ. ಸಂದೇಶ ಯಾರಿಗೆ ಹೋಗಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಗಾಡಿ ಓಡಿಸುವವರು ಫೋನ್ ನೋಡುವ ಹಾಗಿಲ್ಲ, ಆದ್ದರಿಂದ ಆಫೀಸಿನಲ್ಲಿ ಒಬ್ಬರು ನೋಡಿ ಅವರಿಗೆ ಕರೆ ಮಾಡಬೇಕು, ಅವರು ಗಾಡಿ ನಿಲ್ಲಿಸಿದ ಮೇಲೆ ಏನು ಪರೀಕ್ಷಿಸಬೇಕು ಅನ್ನುವುದು ಚೀಟಿಯಲ್ಲಿ ಬರೆದಿರಬೇಕು: ಬಾಗಿಲು, ಡೀಸೆಲ್, ಕೂಲಿಂಗ್ ಸ್ವಿಚ್.

ಇಳಿಸಿಕೊಳ್ಳುವವರು ಸಹಿ ಹಾಕುವ ಮೊದಲು ಇಡೀ ದಾರಿಯ ಗ್ರಾಫ್ ನೋಡಲಿ. ಗೆರೆ ಮಿತಿ ದಾಟಿದ್ದರೆ ಆ ಮಾಲನ್ನು ತಣ್ಣಗೇ ಬೇರೆ ಇಟ್ಟು, ಕಳಿಸಿದವರನ್ನೋ ತಯಾರಿಸಿದವರನ್ನೋ ಕೇಳಲಿ, ಸುಮ್ನೆ ಎಸೆಯುವುದೂ ಬೇಡ, ಮಾರುವುದೂ ಬೇಡ. ಮತ್ತೆ ಆ ಸೆನ್ಸರ್! ಖಾಲಿ ರಟ್ಟಿನ ಡಬ್ಬದ ಜೊತೆ ಗುಜರಿಗೆ ಹೋಗಿಬಿಡುತ್ತದೆ. ಅದಕ್ಕೊಂದು ಗಾಢ ಬಣ್ಣದ ಟೇಪ್ ಸುತ್ತಿ, ವಾಪಸ್ ಬರಬೇಕಾದ ಸಾಮಾನಿನ ಪಟ್ಟಿಯಲ್ಲಿ ಅದರ ನಂಬರನ್ನೂ ಬರೆಯಿರಿ.