402 ಮೀಟರಿಗೆ ಗಾಡಿ ಹದ ಮಾಡುವುದು: ಮೊದಲ 60 ಅಡಿ ಮೊದಲು, ಪವರ್ ಆಮೇಲೆ

ಡ್ರ್ಯಾಗ್ ಓಟ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ 402 ಮೀಟರ್, ಅಂದರೆ ಕಾಲು ಮೈಲಿ ಓಡಿಸುವುದು. ಅದು ಮುಗಿದ ಮೇಲೆ ಸಮಯ ಬರೆದು ಕೈಗೆ ಬರುವ ಸ್ಲಿಪ್‌ನಲ್ಲಿ ಎಲ್ಲರ ಕಣ್ಣು ಕೊನೆಯ ಸಾಲಿಗೆ, ಅಂದರೆ ಒಟ್ಟು ಸಮಯಕ್ಕೆ ಹೋಗುತ್ತದೆ. ನಾವು ಮೊದಲು ನೋಡುವುದು 60 ಅಡಿಯ ಸಾಲು. ಆ 18.3 ಮೀಟರಿನಲ್ಲಿ 0.1 ಸೆಕೆಂಡು ಉಳಿದರೆ ಕಾಲು ಮೈಲಿಯ ಕೊನೆಗೆ 0.15ರಿಂದ 0.2 ಸೆಕೆಂಡು ಉಳಿದಿರುತ್ತದೆ. ಅಷ್ಟೇ ಸಮಯವನ್ನು ಬರೀ ಪವರ್‌ನಿಂದ ಗಳಿಸಬೇಕಾದರೆ 15–20 ಎಚ್‌ಪಿ ಬೇಕು. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಬದಲಿಸುವುದಕ್ಕೆ ಹೋಲಿಸಿದರೆ ಟೈರ್ ಗಾಳಿ, ಎಂಜಿನ್ ಮೌಂಟ್ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಜೋಡಣೆ) ಮತ್ತು ಲಾಂಚ್, ಅಂದರೆ ಹೊರಡುವ ಕ್ಷಣದ, ಆರ್‌ಪಿಎಂ ಸರಿ ಮಾಡುವ ಖರ್ಚು ಏನೇನೂ ಅಲ್ಲ.

ಕಾರವಾರದಲ್ಲಿ ನಾವು ತಯಾರು ಮಾಡಿದ್ದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. 1984 ಸಿಸಿ ಟಿಎಸ್‌ಐ ಎಂಜಿನ್, ಐಎಸ್20 ಟರ್ಬೊ, 350 ನ್ಯೂಟನ್ ಮೀಟರ್ ಟಾರ್ಕ್, ಎಣ್ಣೆಯಲ್ಲಿ ಮುಳುಗಿದ ಎರಡು ಕ್ಲಚ್ಚಿನ ಆರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಎಸ್‌ಜಿ. ಎಳೆಯುವುದು ಮುಂದಿನ ಚಕ್ರಗಳು, ತೊಂದರೆ ಇರುವುದೂ ಅಲ್ಲಿಯೇ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ 60 ಅಡಿಗೆ 2.35, ಒಟ್ಟು 14.8 ಸೆಕೆಂಡು, ಕೊನೆಯ ವೇಗ ಗಂಟೆಗೆ 155 ಕಿ.ಮೀ. ಒಂದು ಎಚ್‌ಪಿಯನ್ನೂ ಸೇರಿಸದೆ ಹಿಡಿತದ ಕೆಲಸ ಮಾತ್ರ ಮಾಡಿದಾಗ 60 ಅಡಿ 2.15ಕ್ಕೆ ಇಳಿಯಿತು, ಒಟ್ಟು ಸಮಯ 14.5ಕ್ಕೆ ಬಂತು. ಕೊನೆಯ ವೇಗ ಇದ್ದಲ್ಲೇ ಇತ್ತು.

ಲೆಕ್ಕ ಹೀಗಿದೆ. ಚಾಲಕನೂ ಸೇರಿ ಗಾಡಿ ಸುಮಾರು 1520 ಕೆಜಿ, ಅದರಲ್ಲಿ ಶೇಕಡಾ 60, ಅಂದರೆ 910 ಕೆಜಿ, ಮುಂದಿನ ಚಕ್ರಗಳ ಮೇಲೆ. ಗಾಡಿ ಅರ್ಧ ಜಿ (ಕೆಳಕ್ಕೆ ಬೀಳುವ ವಸ್ತುವಿನ ವೇಗವರ್ಧನೆಯ ಅರ್ಧ) ವೇಗವರ್ಧನೆಯಲ್ಲಿ ಹೊರಟರೆ 155 ಕೆಜಿಯಷ್ಟು ಭಾರ ಹಿಂದಕ್ಕೆ ವಾಲುತ್ತದೆ. ಭಾರದ ಕೇಂದ್ರ 55 ಸೆಂ.ಮೀ. ಎತ್ತರ, ಎರಡು ಆ್ಯಕ್ಸಲ್‌ಗಳ ನಡುವೆ 2.68 ಮೀಟರ್ ಎಂದು ಹಿಡಿದರೆ ಬರುವ ಅಂಕಿ ಇದು. ಮುಂದೆ ಉಳಿಯುವುದು 755 ಕೆಜಿ. ಅರ್ಧ ಜಿಗೆ ಬೇಕಾದ ಎಳೆತವೂ ಸರಿಸುಮಾರು ಅಷ್ಟೇ, ಅಂದರೆ ಘರ್ಷಣೆಯ ಗುಣಾಂಕ 1 ಬೇಕು. ಒಳ್ಳೆಯ ರಸ್ತೆ ಟೈರಿನ ಮಿತಿಯೇ ಅದು. ಇದರಾಚೆ ಎಂಜಿನ್ ಎಷ್ಟೇ ಕೊಟ್ಟರೂ ಹೊಗೆಯಾಗಿ ಹೋಗುತ್ತದೆ.

ಹಾಗಾಗಿ ಎರಡೇ ದಾರಿ: ಟೈರಿನ ಹಿಡಿತ ಹೆಚ್ಚಿಸಬೇಕು, ಭಾರ ಹಿಂದೆ ವಾಲುವುದನ್ನು ತಡೆಯಬೇಕು. ಮುಂದಿನ ಎರಡು ಚಕ್ರಕ್ಕೆ ಸೆಮಿ ಸ್ಲಿಕ್ ಅಥವಾ ಡ್ರ್ಯಾಗ್ ರೇಡಿಯಲ್ ಎಂಬ ಮೆತ್ತನೆ ರಬ್ಬರಿನ ಓಟದ ಟೈರ್ ಹಾಕಿ, ಬಿಸಿಯಾದ ಮೇಲೆ 22ರಿಂದ 25 ಪಿಎಸ್‌ಐ ಇಡುತ್ತೇವೆ. ರಸ್ತೆ ಟೈರಾದರೆ 27–28. ಅದಕ್ಕಿಂತ ಇಳಿಸಿದರೆ ಪಕ್ಕೆ ಮಡಚಿಕೊಂಡು ಟೈರಿನ ನಡುಭಾಗ ನೆಲದಿಂದ ಏಳುತ್ತದೆ, ಹಿಡಿತ ಕಡಿಮೆಯೇ ಆಗುತ್ತದೆ. ಬರ್ನ್‌ಔಟ್ (ಟೈರ್ ಬಿಸಿ ಮಾಡಲು ನಿಂತಲ್ಲೇ ಚಕ್ರ ತಿರುಗಿಸುವುದು) ಆದ ಮೇಲೆ ಟೈರಿನ ಮೈ ನೋಡಿ: ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಾಗಿರಬೇಕು. ನಡುವೆ ಮಾತ್ರ ಕಪ್ಪಾದರೆ ಗಾಳಿ ಜಾಸ್ತಿ, ಅಂಚುಗಳು ಮಾತ್ರ ಕಪ್ಪಾದರೆ ಕಡಿಮೆ. ಹಿಂದಿನ ಟೈರುಗಳಿಗೆ 40 ಪಿಎಸ್‌ಐ. ಅವು ಬರೀ ಉರುಳಿದರೆ ಸಾಕು.

ಹಿಂದಿನ ಸ್ಪ್ರಿಂಗ್ ಗಟ್ಟಿ ಇರಬೇಕು, ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ಒಂದೆರಡು ಸೆಂ.ಮೀ. ಎತ್ತರ ನಿಲ್ಲಬೇಕು. ಮುಂದಿನ ಡ್ಯಾಂಪರ್‌ನ ರಿಬೌಂಡ್ (ಸ್ಪ್ರಿಂಗ್ ಚಾಚಿಕೊಳ್ಳುವುದನ್ನು ತಡೆಯುವ ಬಲ) ಬಿಗಿ ಮಾಡಿದರೆ ಮೂಗು ಏಳುವುದು ತಡವಾಗುತ್ತದೆ. ಮುಂದಿನ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಸೊನ್ನೆಯ ಹತ್ತಿರ ಇಡಿ. ಗಾಡಿ ತಗ್ಗಿಸಿದರೆ ಕ್ಯಾಂಬರ್ ತಾನಾಗಿಯೇ ನೆಗೆಟಿವ್‌ಗೆ ಜಾರುತ್ತದೆ, ಚಕ್ರ ಒಳಅಂಚಿನ ಮೇಲೆ ನಿಲ್ಲುತ್ತದೆ. ಚಂದ ಕಾಣುತ್ತದೆಂದು ನಾಲ್ಕೂ ಮೂಲೆ ತಗ್ಗಿಸಿದ ಗಾಡಿಗಳು 60 ಅಡಿಯಲ್ಲಿ ಸೋಲುವುದಕ್ಕೆ ಇದೇ ಕಾರಣ. ಟೋ (ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ, ಅಥವಾ ಒಂದು ಮಿ.ಮೀ. ಹೊರಕ್ಕೆ. ಎಳೆಯುವಾಗ ಮುಂದಿನ ಚಕ್ರಗಳು ಒಳಕ್ಕೆ ತಿರುಗಿ ನೇರವಾಗುತ್ತವೆ.

ಗೇರ್‌ಬಾಕ್ಸಿನ ಕೆಳಗೆ ಇರುವ ಟಾರ್ಕ್ ಮೌಂಟನ್ನು ಮೊದಲೇ ಬದಲಿಸಿ ಎಂದು ಎಲ್ಲರಿಗೂ ಹೇಳುತ್ತೇವೆ. ಕಂಪನಿಯ ರಬ್ಬರ್ ಮೆತ್ತಗಿರುವುದರಿಂದ ಲಾಂಚ್‌ನಲ್ಲಿ ಎಂಜಿನ್ ಹಿಂದೆ ಮುಂದೆ ತೂಗುತ್ತದೆ, ಟೈರು ಹಿಡಿದು ಬಿಟ್ಟು ಹಿಡಿದು ಬಿಟ್ಟು ಕುಣಿಯುತ್ತದೆ. ಇದೇ ವೀಲ್ ಹಾಪ್. ಡ್ರೈವ್ ಶಾಫ್ಟ್, ಸಿವಿ ಜಾಯಿಂಟ್, ಡಿಫರೆನ್ಷಿಯಲ್ ಮುರಿಯುವುದು ಇದರಿಂದಲೇ. ಪಾಲಿಯುರೆಥೇನ್ ಇನ್ಸರ್ಟ್ ಹಾಕಿದರೆ ಒಳಗೆ ಸ್ವಲ್ಪ ನಡುಕ ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕುಣಿತ ಶುರುವಾದರೆ ತಕ್ಷಣ ಆ್ಯಕ್ಸಿಲರೇಟರ್ ಬಿಡಿ. ಆ ಓಟ ಹೋದರೆ ಹೋಗಲಿ.

ಲಾಂಚ್ ಕಂಟ್ರೋಲ್ (ಹೊರಡುವಾಗ ಆರ್‌ಪಿಎಂ ಮತ್ತು ಕ್ಲಚ್ಚನ್ನು ಗಾಡಿಯೇ ನೋಡಿಕೊಳ್ಳುವ ವ್ಯವಸ್ಥೆ) ಕಂಪನಿ ಕೊಟ್ಟ ಹಾಗೇ ಬಿಟ್ಟರೆ 3000ದ ಮೇಲಿನ ಆರ್‌ಪಿಎಂನಲ್ಲಿ ಕ್ಲಚ್ ಹಿಡಿಯುತ್ತದೆ. ಧೂಳಿನ ವಿಮಾನಪಟ್ಟಿಗೆ, ರಸ್ತೆ ಟೈರಿಗೆ ಅದು ಜಾಸ್ತಿ. ಡಿಎಸ್‌ಜಿ ಮ್ಯಾಪ್‌ನಲ್ಲಿ (ಗಾಡಿಯ ಕಂಪ್ಯೂಟರಿನಲ್ಲಿ ಬರೆದ ಅಂಕಿಗಳ ಪಟ್ಟಿಯಲ್ಲಿ) ಅದನ್ನು 2400ಕ್ಕೆ ಇಳಿಸಿ, ಚಕ್ರ ಎಷ್ಟು ಜಾರುತ್ತದೆಂದು ನೋಡುತ್ತ ನೂರು ನೂರರಂತೆ ಏರಿಸುತ್ತೇವೆ. ಇದಕ್ಕಿಂತ ಹೆಚ್ಚು ಫಲ ಕೊಡುವುದು ಗೇರಿಗೆ ತಕ್ಕ ಟಾರ್ಕ್ ಮಿತಿ: ಒಂದನೇ ಗೇರಿಗೆ 260 ನ್ಯೂಟನ್ ಮೀಟರ್, ಎರಡನೆಯದಕ್ಕೆ 350, ಮೂರರಿಂದ ಪೂರ್ತಿ. ಟ್ರ್ಯಾಕ್ಷನ್ ಕಂಟ್ರೋಲ್ ಬ್ರೇಕ್ ಹಿಡಿದು ಚಕ್ರ ತಡೆಯುವುದಕ್ಕಿಂತ ಎಂಜಿನ್ನೇ ಕಡಿಮೆ ಕೊಡುವುದು ಮೇಲು. ಟಾರ್ಕ್ 400 ದಾಟಿದರೆ ಕ್ಲಚ್ ಒತ್ತಡವನ್ನೂ ಮ್ಯಾಪ್‌ನಲ್ಲಿ ಏರಿಸಲೇಬೇಕು, ಇಲ್ಲವಾದರೆ ಮೂರು–ನಾಲ್ಕನೇ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಡಿಎಸ್‌ಜಿ ಎಣ್ಣೆ, ಫಿಲ್ಟರನ್ನು 60,000 ಕಿ.ಮೀ. ತನಕ ಕಾಯದೆ ಅರ್ಧಕ್ಕೇ ಬದಲಿಸಿ. ಎಣ್ಣೆ 35–45 ಡಿಗ್ರಿ ಇರುವಾಗ, ಎಂಜಿನ್ ಚಾಲೂ ಇಟ್ಟು ಮಟ್ಟ ನೋಡಬೇಕು. ತಣ್ಣಗಿದ್ದಾಗ ನೋಡಿದ ಮಟ್ಟ ಸುಳ್ಳು.

ಪವರ್‌ಗೆ ಕೈಹಾಕುವ ಮೊದಲು ಕರಾವಳಿಯ ಗಾಡಿಗಳಿಗೆ ಇನ್ನೊಂದು ಪರೀಕ್ಷೆ ಇದೆ. ಬೈತಖೋಲ, ಕೋಡಿಬಾಗದ ಕಡೆ ಎರಡು ಮಳೆಗಾಲ ಕಂಡ ಗಾಡಿಯ ಅರ್ತಿಂಗ್ ಬೋಲ್ಟುಗಳ ಅಡಿ ಉಪ್ಪುಗಾಳಿ ಹೊಕ್ಕಿರುತ್ತದೆ. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿ. ಅರ್ತಿಂಗ್ ಕೆಟ್ಟಿದ್ದರೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ದುರ್ಬಲವಾಗಿ ಮಿಸ್‌ಫೈರ್ ಬರುತ್ತದೆ. ಜನ ಅದನ್ನು ಮ್ಯಾಪ್‌ನ ತಪ್ಪೆಂದು ತಿಳಿದು ಹಣ ಸುರಿಯುತ್ತಾರೆ. ಪ್ಲಗ್ ಒಂದು ಹಂತ ತಣ್ಣನೆಯದು ಹಾಕಿ, ಗ್ಯಾಪ್ 0.6 ಮಿ.ಮೀ. ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) ಏರಿದಾಗ 0.8ರ ಗ್ಯಾಪಿನಲ್ಲಿ ಕಿಡಿ ಆರಿಹೋಗುತ್ತದೆ. ಆಮೇಲೆ ಟರ್ಬೊ ಬಾಯಿಗೆ ಮುಚ್ಚಳ ಬಿಗಿದು 0.7 ಬಾರ್ ಗಾಳಿ ಕೊಟ್ಟು ಪ್ರತಿ ಕ್ಲಿಪ್ಪಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಜಾಗ ಸರಿಮಾಡದೆ ಫ್ಲ್ಯಾಶ್ ಮಾಡಿದರೆ, ಅಂದರೆ ಹೊಸ ಮ್ಯಾಪ್ ಹಾಕಿದರೆ, ಟರ್ಬೊ ಸೋರುವ ಗಾಳಿಯನ್ನೂ ತುಂಬಿಸಲು ಹೋಗಿ ಬಿಸಿಯಾಗುತ್ತದೆ.

ಇನ್ನು ಗಾಳಿ. ಕಾರವಾರದಲ್ಲಿ 32 ಡಿಗ್ರಿ ಶೆಕೆ, ಶೇಕಡಾ 75 ತೇವ ಇರುವ ದಿನ ಒಟ್ಟು 1010 ಹೆಕ್ಟೊಪಾಸ್ಕಲ್ ಒತ್ತಡದಲ್ಲಿ 36 ಬರೀ ನೀರಾವಿ. ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಶೇಕಡಾ ಮೂರೂವರೆ ಉರಿಯುವುದಕ್ಕೇ ಬಾರದು. ಶಿರಸಿಗೆ ಹೋದರೆ ತಂಪು ಇದೆ, ಆದರೆ 590 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು 945ಕ್ಕೆ ಇಳಿದಿರುತ್ತದೆ. ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಒಟ್ಟು 2.4 ಬಾರ್ ಬೇಕೆಂದರೆ ಕಾರವಾರದಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.38 ಪಟ್ಟು ಒತ್ತಬೇಕು, ಶಿರಸಿಯಲ್ಲಿ 2.54 ಪಟ್ಟು. ಐಎಸ್20ಯಂಥ ಚಿಕ್ಕ ಟರ್ಬೊಗೆ ಈ ವ್ಯತ್ಯಾಸ ದೊಡ್ಡದು. ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯಲ್ಲಿ ಹೆಚ್ಚಾದದ್ದನ್ನು ಹೊರಗೆ ಬಿಡುವ ಬಾಗಿಲು) ಪೂರ್ತಿ ಮುಚ್ಚಿದರೂ 5500 ಆರ್‌ಪಿಎಂ ಮೇಲೆ ಬೂಸ್ಟ್ ಗುರಿ ಮುಟ್ಟುವುದಿಲ್ಲ. ವ್ಯಾಲಿ ರನ್ ಎಂಬ ಡ್ರ್ಯಾಗ್ ಓಟ ನಡೆಯುವ ಆಂಬಿ ವ್ಯಾಲಿಯ ವಿಮಾನಪಟ್ಟಿ ಲೋಣಾವಳದ ಬಳಿ ಘಟ್ಟದ ಮೇಲಿದೆ. ಆದ್ದರಿಂದ ಸಮುದ್ರದ ಮಟ್ಟದಲ್ಲಿ ಸರಿಯಾಗಿ ಕಂಡ ಮ್ಯಾಪನ್ನೇ ನಂಬಿ ಹೊರಡಬೇಡಿ, ಟರ್ಬೊಗೆ ಒಂದಿಷ್ಟು ಉಸಿರು ಉಳಿಸಿ. ಬೂಸ್ಟ್ ಗುರಿಯನ್ನು 6000 ಆರ್‌ಪಿಎಂ ಹೊತ್ತಿಗೆ ನಿಧಾನವಾಗಿ 1.1–1.2 ಬಾರ್‌ಗೆ ಇಳಿಯುವಂತೆ ಬರೆಯುತ್ತೇವೆ.

ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ತಂಪು ಮಾಡುವ ಸಾಧನ) ದೊಡ್ಡದು ಹಾಕಿ ಎಂದು ನಾವು ಒತ್ತಿ ಹೇಳುವುದು ಈ ಶೆಕೆಗಾಗಿಯೇ. ನಮ್ಮ ಅಳತೆಗೋಲು: ನಾಲ್ಕನೇ ಗೇರಿನ ಕೊನೆಯಲ್ಲಿ ಮ್ಯಾನಿಫೋಲ್ಡ್ ಗಾಳಿ ಹೊರಗಿನ ಗಾಳಿಗಿಂತ 15 ಡಿಗ್ರಿಗಿಂತ ಹೆಚ್ಚು ಬಿಸಿ ಇರಬಾರದು. 50 ದಾಟಿದ ಮೇಲೆ ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್, ಅಂದರೆ ಕಿಡಿ ಹೊತ್ತುವ ಸಮಯವನ್ನು, ಹಿಂದಕ್ಕೆ ಎಳೆಯುತ್ತ ಹೋಗುತ್ತದೆ, ಪವರ್ ಕಣ್ಣೆದುರೇ ಕರಗುತ್ತದೆ.

ಪೆಟ್ರೋಲ್ ವಿಷಯ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಐದನೇ ಒಂದು ಪಾಲು ಎಥನಾಲ್. ನಾಕ್ (ಸಿಲಿಂಡರಿನಲ್ಲಿ ಇಂಧನ ಅಂಕೆ ತಪ್ಪಿ ತಾನಾಗಿ ಸಿಡಿಯುವುದು) ತಡೆಯುವುದಕ್ಕೆ ಅದು ಒಳ್ಳೆಯದೇ. ಆದರೆ ಒಂದು ಕೆಜಿ ಶುದ್ಧ ಪೆಟ್ರೋಲಿಗೆ ಬೇಕಾದ ಗಾಳಿ 14.7 ಕೆಜಿ ಇದ್ದದ್ದು ಇದಕ್ಕೆ ಸುಮಾರು 13.5, ಅಂದರೆ ಅಷ್ಟೇ ಗಾಳಿಗೆ ಶೇಕಡಾ ಎಂಟೊಂಬತ್ತು ಹೆಚ್ಚು ಇಂಧನ ಬೇಕು. ಹೈ ಪ್ರೆಷರ್ ಪಂಪು ಮೊದಲೇ ಸೋಲುತ್ತದೆ. ಲಾಗ್‌ನಲ್ಲಿ (ಓಟದ ವೇಳೆ ಕಂಪ್ಯೂಟರ್ ದಾಖಲಿಸಿದ ಅಂಕಿಗಳಲ್ಲಿ) ರೈಲ್ ಪ್ರೆಷರ್, ಅಂದರೆ ಇಂಜೆಕ್ಟರಿಗೆ ಹೋಗುವ ಇಂಧನದ ಒತ್ತಡದ, ಗುರಿ 200 ಬಾರ್ ಇದ್ದು, ಓಟದ ಕೊನೆಗೆ ಅದು 170ಕ್ಕೆ ಕುಸಿದರೆ ಬೂಸ್ಟ್ ಇಳಿಸಿ ಅಥವಾ ಪಂಪ್ ಬದಲಿಸಿ. ಮೂರನೇ ದಾರಿ ಇಲ್ಲ. ಇನ್ನೂ ದೊಡ್ಡ ಐಎಸ್38 ಟರ್ಬೊ ಹಾಕುವವರು ಪಂಪನ್ನು ಅದರ ಜೊತೆಗೇ ಲೆಕ್ಕ ಹಿಡಿಯಬೇಕು. ಯಾವ ಪೆಟ್ರೋಲಿನಲ್ಲಿ ಮ್ಯಾಪ್ ಮಾಡಿದಿರೋ ಅದರಲ್ಲೇ ಓಡಿಸಿ. 99 ಅಥವಾ 100 ಆಕ್ಟೇನ್‌ಗೆ ಬರೆದ ಮ್ಯಾಪ್ ಇಟ್ಟುಕೊಂಡು ದಾರಿಯಲ್ಲಿ ಸಾದಾ ಪೆಟ್ರೋಲ್ ತುಂಬಿಸಿದರೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಪಟ್ಟಿ ಒಡೆಯಬಹುದು.

ಲಾಗ್ ತೆಗೆಯುವುದು ಡೈನೊ (ಗಾಡಿ ನಿಲ್ಲಿಸಿ ಪವರ್ ಅಳೆಯುವ ಯಂತ್ರ) ಮೇಲೆ, ಇಲ್ಲವೇ ಸ್ಟ್ರಿಪ್ (ಡ್ರ್ಯಾಗ್ ಓಟದ ಪಟ್ಟಿ) ಮೇಲೆ. ಅಂಕೋಲಾ ಕಡೆಯ ಚತುಷ್ಪಥ ಖಾಲಿ ಇದೆಯೆಂದು ಅಲ್ಲಿ ಎಳೆಯುವವರಿದ್ದಾರೆ. ಅದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ, ಅದಕ್ಕಿಂತ ಹೆಚ್ಚಾಗಿ ರಸ್ತೆ ದಾಟುವ ದನಕ್ಕೂ ಮೀನಿನ ಬುಟ್ಟಿ ಹೊತ್ತ ಹೆಂಗಸಿಗೂ ನಿಮ್ಮ ವೇಗ ಅಂದಾಜಾಗುವುದಿಲ್ಲ. ಮೂರನೇ ಗೇರಿನಲ್ಲಿ 2000ದಿಂದ 6500ರ ತನಕ ಒಂದು ಪೂರ್ತಿ ಎಳೆತ ಸಾಕು. ಲ್ಯಾಂಬ್ಡಾ (ಇಂಧನಕ್ಕೆ ಸರಿಯಾಗಿ ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ) 0.82ರಿಂದ 0.85 ಇರಬೇಕು. ಒಂದೊಂದು ಸಿಲಿಂಡರಿನ ಇಗ್ನಿಷನ್ ತಿದ್ದುಪಡಿ ಮೂರು ಡಿಗ್ರಿಯೊಳಗಿದ್ದರೆ ಸರಿ. ನಾಲ್ಕೂ ಸಿಲಿಂಡರು ಒಟ್ಟಿಗೆ ಐದರ ಹತ್ತಿರ ಹೋದರೆ ಪೆಟ್ರೋಲ್ ಅಥವಾ ಬಿಸಿ ಕಾರಣ, ಒಂದೇ ಸಿಲಿಂಡರ್ ಹೋದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ), ಇಂಟೇಕ್, ಇಂಟರ್‌ಕೂಲರ್ ಸೇರಿ ಐಎಸ್20ಯಲ್ಲೇ 300 ಎಚ್‌ಪಿ ಸುತ್ತಮುತ್ತ ನಿಲ್ಲಿಸಿದೆವು. ಆಗ 13.5 ಸೆಕೆಂಡು, 169 ಕಿ.ಮೀ. ವೇಗ. ಗೇರನ್ನು 6300ಕ್ಕೇ ಬದಲಿಸುತ್ತೇವೆ, ಚಿಕ್ಕ ಟರ್ಬೊವನ್ನು 6800ರ ತನಕ ಎಳೆದರೆ ಸಮಯ ಹೋಗುತ್ತದೆಯೇ ಹೊರತು ಬರುವುದಿಲ್ಲ.

ತೂಕ: ಸ್ಟೆಪ್ನಿ, ಜ್ಯಾಕ್, ಡಿಕ್ಕಿಯ ಸಾಮಾನು ಮೊದಲು ತೆಗೆಯಿರಿ. ಹಿಂದಿನ ಆ್ಯಕ್ಸಲ್‌ನ ಆಚೆಯ ಭಾರ ಹೋದರೆ ಮುಂಭಾಗದ ಪಾಲು ಏರುತ್ತದೆ. 45 ಕೆಜಿಗೆ 0.1 ಸೆಕೆಂಡು ಎಂದು ಹಿಡಿಯಿರಿ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇರಲಿ. ಸೀಟು ಕೀಳುವ ಮೊದಲು ನಿಮ್ಮ ವರ್ಗದ ನಿಯಮ ಓದಿ.

ಸ್ಟ್ರಿಪ್‌ನಲ್ಲಿ ನೀರಿನ ಪೆಟ್ಟಿಗೆ (ಬರ್ನ್‌ಔಟ್‌ಗಾಗಿ ನೀರು ಹಾಕಿದ ಜಾಗ) ಇದ್ದರೆ ರಸ್ತೆ ಟೈರಿನವರು ಸುತ್ತು ಹಾಕಿ ಹೋಗಿ. ಗೀರುಗಳಲ್ಲಿ ತುಂಬಿದ ನೀರು ಗೆರೆಯ ಮೇಲೇ ಸುರಿಯುತ್ತದೆ. ಎರಡು ಮೂರು ಸೆಕೆಂಡಿನ ಬರ್ನ್‌ಔಟ್ ಸಾಕು. ಹೊರಡುವ ಗೆರೆಯಲ್ಲಿ ಗಾಡಿ ನಿಲ್ಲಿಸುವಾಗ ಎರಡನೇ ದೀಪ ಹತ್ತಿದ ಕೂಡಲೇ ನಿಲ್ಲಿ. ಮುಂದಿನ ಚಕ್ರ ಗೆರೆಯ ಮೇಲಿನ ಬೆಳಕಿನ ಕಿರಣದಿಂದ ಹೊರಬೀಳುವ ತನಕ ಗಡಿಯಾರ ಶುರುವಾಗುವುದಿಲ್ಲ, ಆ ಸುಮಾರು 30 ಸೆಂ.ಮೀ. ಪುಕ್ಕಟೆ ಓಟ. ಹಸಿರಿಗೆ ತಡವಾಗಿ ಹೊರಟರೆ ಎದುರಾಳಿ ಗೆಲ್ಲಬಹುದು, ಆದರೆ ನಿಮ್ಮ ಸಮಯದ ಲೆಕ್ಕಕ್ಕೆ ಅದು ಸೇರುವುದಿಲ್ಲ. ಹಾಗಾಗಿ ಗಾಡಿ ಹದ ಮಾಡುವ ದಿನ ದೀಪಕ್ಕೆ ಹೆದರಬೇಡಿ.

ಓಟಗಳ ನಡುವೆ ಬಾನೆಟ್ ತೆರೆದು, ಇಂಟರ್‌ಕೂಲರ್‌ಗೆ ಫ್ಯಾನ್ ಹಿಡಿದು, ಗಾಳಿಯ ಬಿಸಿ 40ಕ್ಕೆ ಇಳಿಯುವ ತನಕ ಕಾಯಿರಿ. ನೀರು ಸಿಂಪಡಿಸಿದರೆ ಒರೆಸಿಯೇ ಸಾಲಿಗೆ ಹೋಗಿ. ಒಂದು ಓಟಕ್ಕೆ ಒಂದೇ ಬದಲಾವಣೆ. ಕೊನೆಯ ವೇಗ ಏರಿ ಸಮಯ ಇಳಿಯದಿದ್ದರೆ ಕೊರತೆ ಹಿಡಿತದ್ದು. 60 ಅಡಿ ಸರಿಯಿದ್ದೂ ವೇಗ ಕುಸಿದಿದ್ದರೆ ಬಿಸಿ ಅಥವಾ ಇಂಧನದ್ದು. ಪವರ್ ಶೇಕಡಾ ಹತ್ತು ಏರಿದರೆ ಕೊನೆಯ ವೇಗ ಶೇಕಡಾ ಮೂರು ಮಾತ್ರ ಏರುತ್ತದೆ, ಆದ್ದರಿಂದ 155ರಲ್ಲಿ ಐದು ಕಿ.ಮೀ. ಹೆಚ್ಚಿದ್ದರೂ ಅದು ದೊಡ್ಡ ಸುದ್ದಿ.

ಘಟ್ಟ ಇಳಿದು ಕಾರವಾರಕ್ಕೆ ಮರಳಿದ ಮೇಲೆ ಇಂಟರ್‌ಕೂಲರ್, ರೇಡಿಯೇಟರ್ ರೆಕ್ಕೆಗಳನ್ನು ಹಿಂಭಾಗದಿಂದ ಸಿಹಿನೀರಿನಲ್ಲಿ, ಕಡಿಮೆ ಒತ್ತಡದಲ್ಲಿ ತೊಳೆಯಿರಿ. ಪ್ರೆಷರ್ ಗನ್ ಹಿಡಿದರೆ ರೆಕ್ಕೆ ಮಲಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಭರ್ತಿ ಮಾಡಿಡಿ. ಅರ್ಧ ಖಾಲಿ ಟ್ಯಾಂಕಿನ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಪಂಪಿನ ಬಾಯಿಯ ಬಳಿಯೇ ನಿಲ್ಲುತ್ತವೆ. ಮಳೆ ಮುಗಿದ ಮೇಲೆ ಆ ಹಳೆಯ ಪೆಟ್ರೋಲನ್ನು ನಿಧಾನದ ಓಡಾಟದಲ್ಲಿ ಖರ್ಚು ಮಾಡಿ, ಹೊಸದು ತುಂಬಿಸಿ, ಅರ್ತಿಂಗ್ ವೋಲ್ಟೇಜನ್ನು ಇನ್ನೊಮ್ಮೆ ಅಳೆದು, ಆಮೇಲೆಯೇ ಬೂಸ್ಟ್ ಕೊಡಿ.