ಮಂಗಳೂರಿನ ಬಂದರಿನಲ್ಲಿ ಪರಂಪರೆ ನಡಿಗೆ ಮಾಡಿಸುವುದು ಹೇಗೆ?

ಮಂಗಳೂರಿನ ಹಳೆ ಬಂದರು ಇವತ್ತಿಗೂ ದುಡಿಯುವ ಜಾಗ. ಮೀನಿನ ಧಕ್ಕೆ (ಬೋಟಿನಿಂದ ಮೀನು ಇಳಿಸುವ ಕಟ್ಟೆ), ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೆಂಬ ಮರದ ಹಡಗುಗಳು, ಸಗಟು ಅಂಗಡಿಗಳು, ಹಂಚಿನ ಗೋದಾಮುಗಳು ಒತ್ತೊತ್ತಾಗಿವೆ. ನಡಿಗೆ ಮಾಡಿಸುವವರು ಈ ಕೆಲಸದ ಹೊತ್ತು ನೋಡಿಕೊಂಡೇ ವೇಳೆ ಗೊತ್ತುಮಾಡಬೇಕು.

ದಿನ ಆರಿಸುವುದು

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಕಟ್ಟಿಹಾಕಿರುತ್ತವೆ, ಮಳೆಯೂ ಬಿಡುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತರೊಳಗೆ ಮುಗಿಸಿ. ಆಮೇಲೆ ಸೆಕೆ ಏರುತ್ತದೆ, ಓಣಿಗಳಿಗೆ ಲಾರಿಗಳು ನುಗ್ಗುತ್ತವೆ.

ಹದಿನೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳಿಸದು, ಹೊರೆ ಹೊತ್ತವರಿಗೆ ದಾರಿಯೂ ಸಿಗದು. ಮುಂದೊಬ್ಬರು, ಕೊನೆಯಲ್ಲೊಬ್ಬರು ಇರಲಿ. ನೆಲ ಒದ್ದೆಯಿರುವುದರಿಂದ ಜಾರದ ಚಪ್ಪಲಿ ಹಾಕಿ ಬರಲು ಮೊದಲೇ ಹೇಳಿ.

ಮೊದಲ ನಿಲುಗಡೆ: ಧಕ್ಕೆ

ಮೀನಿನ ಏಲಂ ನಡೆಯುವಲ್ಲಿ ನಿಂತು ವಿವರಿಸಬೇಡಿ. ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಬುಟ್ಟಿ ಹೊತ್ತವರಿಗೂ ಅಡ್ಡಿ. ನೋಡಿಸಿ, ಬದಿಗೆ ಬಂದು ಮಾತಾಡಿ. ಕೇಳದೆ ಯಾರ ಮುಖದ ಚಿತ್ರವನ್ನೂ ತೆಗೆಯಬಾರದು.

ಇಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಅಳಿವೆಯ ವಿಷಯ. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಬಾಗಿಲಲ್ಲಿ ಮರಳು ದಿಬ್ಬ ಕಟ್ಟುತ್ತದೆ, ಆಳ ಕಡಿಮೆ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು, ಸರಕು ದೋಣಿಯಲ್ಲಿ ಬರಬೇಕಿತ್ತು. 1974ರಲ್ಲಿ ಪಣಂಬೂರಿನ ಬಂದರು ಪ್ರಮುಖ ಬಂದರೆಂದು ಘೋಷಣೆಯಾಗಿ ಭಾರೀ ಹಡಗುಗಳ ವ್ಯಾಪಾರ ಅತ್ತ ಸರಿಯಿತು. ಹಳೆ ಓಣಿಗಳು ಉಳಿದುಕೊಂಡಿದ್ದಕ್ಕೆ ಅದೂ ಒಂದು ಕಾರಣ ಎನ್ನಬಹುದು.

ಹನ್ನೆರಡನೇ ಶತಮಾನದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ವಿಷಯಕ್ಕೂ ಇದೇ ಜಾಗ ಸರಿ. ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಆತನಿಗೆ ಯೆಮೆನಿನ ಏಡನ್ ಬಂದರಿನಿಂದ ಕಾಗದವೂ ತಾಮ್ರವೂ ಬರುತ್ತಿದ್ದವು. ಆ ಪತ್ರಗಳು ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ ಸಿಕ್ಕಿವೆ.

ರೊಸಾರಿಯೊ, ಝೀನತ್ ಬಕ್ಷ್

ಹೆಚ್ಚಿನ ಮಾರ್ಗದರ್ಶಕರು ಎಡವುವುದು ಇಲ್ಲಿ. ರೊಸಾರಿಯೊ ಚರ್ಚಿನ ಮೂಲ 1568ರ ಪೋರ್ಚುಗೀಸ್ ಕಾಲದ್ದು, ಆದರೆ ಎದುರಿಗೆ ಕಾಣುವ ಕಟ್ಟಡ ಇಪ್ಪತ್ತನೇ ಶತಮಾನದ್ದು. ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ಏಳನೇ ಶತಮಾನದ್ದೆಂಬುದು ಸಮುದಾಯದ ಪರಂಪರೆ. ಅದನ್ನು ಪರಂಪರೆಯೆಂದೇ ಹೇಳಿ. ಸಂಸ್ಥೆಯ ವಯಸ್ಸನ್ನೇ ಈಗಿನ ಕಟ್ಟಡದ ವಯಸ್ಸೆಂದು ಹೇಳಿದರೆ ಕೇಳುಗರು ತಪ್ಪು ತಿಳಿವಳಿಕೆಯಲ್ಲೇ ಮನೆಗೆ ಹೋಗುತ್ತಾರೆ. ಮಸೀದಿಯ ಒಳಗಿನ ಮರದ ಕೆತ್ತನೆ ನೋಡಲೇಬೇಕು. ಅದಕ್ಕೆ ವಾರ ಮುಂಚೆ ಆಡಳಿತದವರನ್ನು ಕಂಡು, ಯಾರು ಎಲ್ಲಿಯವರೆಗೆ ಹೋಗಬಹುದೆಂದು ಕೇಳಿಕೊಳ್ಳಿ. ಶುಕ್ರವಾರ ಬೇಡ.

ಹಂಚಿನ ಗೋದಾಮುಗಳು

ಇಲ್ಲಿ ಆತುರ ಬೇಡ, ಇಪ್ಪತ್ತು ನಿಮಿಷ ಕೊಡಿ. ಒಂದು ಹಳೆಯ ಹಂಚು ಚೀಲದಲ್ಲಿರಲಿ, ಕೈಯಿಂದ ಕೈಗೆ ದಾಟಿಸಿ. ಅಡಿಯ ಮೊಳೆಯಂಥ ಉಬ್ಬು ರೀಪಿಗೆ (ಹಂಚಿನಡಿಯ ಮರದ ಪಟ್ಟಿಗೆ) ಸಿಕ್ಕಿಕೊಳ್ಳುತ್ತದೆ, ಅಂಚಿನ ತೋಡು ಪಕ್ಕದ ಹಂಚಿಗೆ ಕೂರುತ್ತದೆ; ಗಾರೆಯಿಲ್ಲದೆ ಛಾವಣಿ ನಿಲ್ಲುವುದು ಹೀಗೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಂಚಿನ ಮೇಲಿನ 1865 ಎಂಬ ಅಚ್ಚು ಕಾರ್ಖಾನೆ ಶುರುವಾದ ವರ್ಷ. ಅದನ್ನೇ ಹಂಚಿನ ವರ್ಷವೆಂದು ಓದುವುದು ಮಾಮೂಲಿ ತಪ್ಪು. ಕಾರ್ಖಾನೆಗಳು ನದಿದಂಡೆ ಹಿಡಿದದ್ದು ಜೇಡಿಮಣ್ಣಿಗಾಗಿ, ಮತ್ತು ದೋಣಿಯಲ್ಲಿ ಬರುವ ಸೌದೆಗಾಗಿ.

ರಥಬೀದಿ

ವೆಂಕಟರಮಣ ದೇವಸ್ಥಾನದ ಎದುರು ಮುಗಿಸಿದರೆ ಪಕ್ಕದಲ್ಲೇ ತಿಂಡಿಯೂ ಸಿಗುತ್ತದೆ. ರಥಸಪ್ತಮಿಯ ಕೊಡಿಯಾಲ ತೇರಿನ ದಿನಗಳಲ್ಲಿ ಗುಂಪು ಕಟ್ಟಿಕೊಂಡು ಈ ಬೀದಿಗೆ ಬರಬೇಡಿ, ಕಾಲಿಡಲೂ ಜಾಗವಿರದು.

ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಇದೇ ಬೆಳಿಗ್ಗೆ ತುರುಕಬೇಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಪ್ಪು ಕಲ್ಲಿನ ಕಾವಲು ಗೋಪುರ ಕಾಲ್ನಡಿಗೆಗೆ ದೂರ. ಇನ್ನೊಂದು ಸಂಜೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ತಣ್ಣೀರುಬಾವಿ ಕಡಲತೀರಕ್ಕೆ ದೋಣಿ ಹತ್ತಬಹುದು.