ಗ್ಯಾಬಪೆಂಟಿನ್ ಕೊಡುವ ಮುನ್ನ ನಾನು ಕೇಳುವ ಪ್ರಶ್ನೆಗಳು

ಗ್ಯಾಬಪೆಂಟಿನ್ ಬರೆದ ಚೀಟಿ ಕೌಂಟರಿಗೆ ಬಂದರೆ ಸ್ಟ್ರಿಪ್ ತೆಗೆಯುವ ಮೊದಲೇ ಕೇಳುತ್ತೇನೆ: 'ಇದನ್ನು ಯಾತಕ್ಕೆ ಕೊಟ್ಟಿದ್ದಾರೆ ಅಂತ ಡಾಕ್ಟರು ಹೇಳಿದ್ರಾ?' ಅಪಸ್ಮಾರಕ್ಕೂ ಇದೇ ಔಷಧಿ, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ಉರಿಗೂ ಇದೇ. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ, ಜೋಮಿಗೂ ಇದನ್ನು ಬರೆಯುತ್ತಾರೆ. ಅಮೆರಿಕದಲ್ಲಿ 1993ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಫಿಟ್ಸ್‌ಗೆ, ಬೇರೆ ಮಾತ್ರೆಯ ಜೊತೆ ಕೊಡಲು. ಸರ್ಪಸುತ್ತಿನ ನಂತರದ ನೋವಿಗೆ ಅನುಮತಿ ಬಂದದ್ದು 2002ರಲ್ಲಿ. ಕಾರಣ ಗೊತ್ತಿಲ್ಲದೆ ಒಯ್ದರೆ ಆಗುವುದು ಹೀಗೆ: ಮೊಮ್ಮಗ ಮೊಬೈಲಿನಲ್ಲಿ ಹೆಸರು ಹುಡುಕಿ 'ಅಜ್ಜಿ, ಇದು ಫಿಟ್ಸ್ ಮಾತ್ರೆ' ಅನ್ನುತ್ತಾನೆ, ಅಜ್ಜಿ 'ನನಗೆಲ್ಲಿ ಫಿಟ್ಸ್?' ಅಂತ ಅವತ್ತೇ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಕವರಿನ ಮೇಲೆ 'ಕಾಲಿನ ನರದ ಉರಿಗೆ' ಎಂದು ದಪ್ಪಕ್ಷರದಲ್ಲಿ ಬರೆದು ಕೊಡುತ್ತೇನೆ. ಫಿಟ್ಸ್‌ಗೆ ತೆಗೆದುಕೊಳ್ಳುವವರನ್ನು ಮಾತ್ರ ಮೊದಲು ಮೆಲ್ಲಗೆ ಕೇಳುತ್ತೇನೆ. ಹೆಸರು ಬರೆಯುವುದು ಬೇಡ ಎಂದರೆ 'ನರಕ್ಕೆ, ಒಂದು ಹೊತ್ತೂ ತಪ್ಪಿಸಬಾರದು' ಎಂದಷ್ಟೇ ಬರೆಯುತ್ತೇನೆ.

ಆಮೇಲೆ ವಯಸ್ಸು, ತೂಕ, ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಸೋಸುತ್ತಿದೆ ಎಂದು ತೋರಿಸುವ ಅಂಶ) ಎಷ್ಟಿತ್ತು ಎಂದು ಕೇಳುತ್ತೇನೆ. ನೋವಿನ ಮಾತ್ರೆಗೂ ಕಿಡ್ನಿಗೂ ಏನು ಸಂಬಂಧ ಅಂತ ಬಹಳ ಜನ ಹುಬ್ಬೇರಿಸುತ್ತಾರೆ. ಈ ಔಷಧಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಬಂಧ ಅದೇ. ಹೆಚ್ಚಿನ ಔಷಧಿಗಳನ್ನು ಯಕೃತ್ತು ಒಡೆದು ಹಾಕುತ್ತದೆ. ಗ್ಯಾಬಪೆಂಟಿನ್ ಅಲ್ಲಿ ಒಡೆಯುವುದೇ ಇಲ್ಲ, ರಕ್ತಕ್ಕೆ ಸೇರಿದ ರೂಪದಲ್ಲೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕಿಡ್ನಿ ನಿಧಾನವಾದಷ್ಟೂ ಮೈಯಲ್ಲಿ ಅದು ಜಮೆಯಾಗುತ್ತಾ ಹೋಗುತ್ತದೆ.

ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 1.0 ಎಂದಿದ್ದರೆ ಎಲ್ಲರೂ ನಿಶ್ಚಿಂತೆಯಾಗುತ್ತಾರೆ. ನಾನು ಲೆಕ್ಕ ಹಾಕದೆ ಬಿಡುವುದಿಲ್ಲ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಎನ್ನುತ್ತಾರೆ, ಕೌಂಟರಿನ ಕ್ಯಾಲ್ಕುಲೇಟರ್ ಸಾಕು. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಬೇಕು. ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. 75 ವರ್ಷದ, 50 ಕಿಲೋ ತೂಕದ ಅಜ್ಜಿಯನ್ನು ತೆಗೆದುಕೊಳ್ಳಿ. 65 ಗುಣಿಲೆ 50 ಅಂದರೆ 3250. ಕ್ರಿಯಾಟಿನಿನ್ 1.0 ಇದ್ದರೆ 72ರಿಂದ ಭಾಗಿಸಿ 45, ಅದರ 0.85 ಭಾಗ 38. ವರದಿಯಲ್ಲಿ ಎಲ್ಲ ಸರಿಯಾಗಿ ಕಂಡ ಅಜ್ಜಿಯ ಕಿಡ್ನಿ ನಿಮಿಷಕ್ಕೆ 38 ಮಿ.ಲೀ. ಅಷ್ಟೇ ಸೋಸುತ್ತಿದೆ. ಅದೇ ಕ್ರಿಯಾಟಿನಿನ್ 1.4 ಆದರೆ ಲೆಕ್ಕ 27ಕ್ಕೆ ಇಳಿಯುತ್ತದೆ.

ಔಷಧಿಯ ಮಾಹಿತಿ ಪತ್ರದಲ್ಲಿ ಕೊಟ್ಟಿರುವ ಮಿತಿ ಹೀಗಿದೆ: 60ರ ಮೇಲಿದ್ದರೆ ದಿನಕ್ಕೆ 900ರಿಂದ 3600 ಮಿ.ಗ್ರಾಂ., ಮೂರು ಹೊತ್ತಿಗೆ ಹಂಚಿ. 30ರಿಂದ 59 ಇದ್ದರೆ 400ರಿಂದ 1400, ಎರಡು ಹೊತ್ತಿಗೆ. 15ರಿಂದ 29 ಇದ್ದರೆ 200ರಿಂದ 700, ದಿನಕ್ಕೆ ಒಂದೇ ಸಲ. ಅದಕ್ಕೂ ಕೆಳಗೆ 100ರಿಂದ 300. ಅಂದರೆ 300ರ ಕ್ಯಾಪ್ಸೂಲ್ ಮೂರು ಹೊತ್ತು ಎನ್ನುವ ಸಾಮಾನ್ಯ ಚೀಟಿ 1.4 ಕ್ರಿಯಾಟಿನಿನ್‌ನ ಆ ಅಜ್ಜಿಗೆ ಮಿತಿ ಮೀರಿದ ಪ್ರಮಾಣ. ಕೆಲವು ದಿನಗಳಲ್ಲಿ ಮಾತು ತೊದಲುತ್ತದೆ, ನಡೆಯುವಾಗ ತೂರಾಡುತ್ತಾರೆ, ಕೈ ತಾನೇ ಎಗರಿ ಕಾಫಿ ಲೋಟ ಜಾರುತ್ತದೆ. ಮನೆಯವರು ಲಕ್ವ ಹೊಡೆಯಿತು ಅಂದುಕೊಳ್ಳುತ್ತಾರೆ. ಲೆಕ್ಕ ತಾಳೆಯಾಗದಿದ್ದರೆ ಪ್ರಮಾಣವನ್ನು ನಾನೇ ಇಳಿಸುವುದಿಲ್ಲ, ಬರೆದ ಡಾಕ್ಟರಿಗೆ ಫೋನ್ ಮಾಡಿ ಆ ಸಂಖ್ಯೆ ಹೇಳುತ್ತೇನೆ. ಡಯಾಲಿಸಿಸ್ ಮಾಡಿಸುವವರಿಗೆ ಮಾತ್ರೆಯ ಸಮಯವನ್ನೇ ಡಯಾಲಿಸಿಸ್‌ಗೆ ಹೊಂದಿಸಬೇಕು, ಅದು ಕಿಡ್ನಿ ಡಾಕ್ಟರರೇ ಹೇಳಬೇಕಾದ ಮಾತು. ಇದೇ ಗುಂಪಿನ ಇನ್ನೊಂದು ಔಷಧಿ ಪ್ರಿಗ್ಯಾಬಲಿನ್‌ಗೂ ಇದೇ ಕಿಡ್ನಿ ಲೆಕ್ಕ ಬೇಕು, ಅದರ ಪ್ರಮಾಣ ಮಾತ್ರ ಬೇರೆ.

ಇನ್ನೊಂದು ದೊಡ್ಡ ತೊಡಕು ಜೋಡಿ ಮಾತ್ರೆಗಳದ್ದು. ನಮ್ಮ ಮಾರುಕಟ್ಟೆಯಲ್ಲಿ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಒಂಟಿಯಾಗಿ ಸಿಗುವುದಕ್ಕಿಂತ ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್) ಅಥವಾ ನಾರ್‌ಟ್ರಿಪ್ಟಿಲಿನ್ (ನರದ ನೋವಿಗೂ ಕೊಡುವ ಖಿನ್ನತೆಯ ಔಷಧಿ) ಸೇರಿಸಿಕೊಂಡು ಸಿಗುವುದೇ ಹೆಚ್ಚು. ಮೂಳೆ ಡಾಕ್ಟರು ಒಂದು ಕಂಪನಿಯದ್ದು ಬರೆದಿರುತ್ತಾರೆ, ಸಕ್ಕರೆ ಡಾಕ್ಟರು ಇನ್ನೊಂದು ಕಂಪನಿಯದ್ದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಒಂದೇ. ರೋಗಿ ಎರಡನ್ನೂ ನುಂಗುತ್ತಾರೆ. ಹಾಗಾಗಿ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಕೌಂಟರಿನ ಮೇಲೆ ಹರಡಿ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರಿಗೆ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಒಂದೇ ಹೆಸರು ಎರಡು ಕಡೆ ಬಂದರೆ ಅವರಿಗೇ ಕಾಣುತ್ತದೆ.

ಬ್ರ್ಯಾಂಡ್ ಹೆಸರಿನ ಬಾಲದಲ್ಲಿ 'ಎನ್‌ಟಿ' ಎಂದಿದ್ದರೆ ಸಾಮಾನ್ಯವಾಗಿ ನಾರ್‌ಟ್ರಿಪ್ಟಿಲಿನ್ ಇದೆ ಎಂದರ್ಥ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಪ್ರಾಸ್ಟೇಟ್ ತೊಂದರೆ ಇರುವ ಅಜ್ಜಂದಿರಿಗೆ ಮೂತ್ರ ಕಟ್ಟಬಹುದು. ಫಿಟ್ಸ್ ಇರುವವರಲ್ಲಿ ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸಬಲ್ಲದು, ಟ್ರಮಡಾಲ್ ಎಂಬ ಜೋರು ನೋವಿನ ಮಾತ್ರೆ ಕೂಡ ಅಷ್ಟೇ. ಫಿಟ್ಸ್‌ಗೆ ಗ್ಯಾಬಪೆಂಟಿನ್ ತೆಗೆದುಕೊಳ್ಳುವವರಿಗೆ ಸೊಂಟ ನೋವಿಗೆಂದು ಟ್ರಮಡಾಲ್ ಚೀಟಿ ಬಂದರೆ ಕೊಡುವ ಮೊದಲು ಡಾಕ್ಟರಿಗೆ ತಿಳಿಸಲೇಬೇಕು. ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಆಲ್‌ಪ್ರಜೋಲಂನಂಥ ನಿದ್ದೆ ಮಾತ್ರೆ, ಮದ್ಯ ಇವುಗಳಲ್ಲಿ ಯಾವುದು ಗ್ಯಾಬಪೆಂಟಿನ್ ಜೊತೆ ಸೇರಿದರೂ ಉಸಿರಾಟ ನಿಧಾನವಾಗುವ ಭಯವಿದೆ. 2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ವಯಸ್ಸಾದವರು, ಬೀಡಿ ಸೇದಿ ಅಥವಾ ಒಲೆಯ ಹೊಗೆ ಕುಡಿದು ಶ್ವಾಸಕೋಶ ಹಾಳಾದವರು ಹೆಚ್ಚು ಜೋಪಾನವಾಗಿರಬೇಕು. ಮಲಗಿದವರು ಅಲುಗಾಡಿಸಿದರೂ ಏಳದೆ ಉಸಿರು ಎಣಿಸುವಷ್ಟು ನಿಧಾನವಾಗಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು.

ಗ್ಯಾಸ್ ಮಾತ್ರೆಯ ವಿಷಯಕ್ಕೆ ಎಲ್ಲರಿಗೂ ಗೊಂದಲ. ಜೆಲುಸಿಲ್, ಡೈಜೀನ್ ತರಹದ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಆಮ್ಲಶಾಮಕಗಳು ಗ್ಯಾಬಪೆಂಟಿನ್ ಹೀರಿಕೆಯನ್ನು ಸುಮಾರು 20 ಶೇಕಡ ತಗ್ಗಿಸುತ್ತವೆ. ಅವನ್ನು ಕುಡಿದು ಎರಡು ಗಂಟೆ ಬಿಟ್ಟು ಈ ಮಾತ್ರೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್‌ಗೆ ಈ ನಿಯಮ ಬೇಕಿಲ್ಲ. ಊಟದ ಮೊದಲೋ ಆಮೇಲೋ ಎಂಬ ಕಟ್ಟುಪಾಡೂ ಇಲ್ಲ.

ಹೊತ್ತಿನ ಲೆಕ್ಕ ಮಾತ್ರ ಬಿಗಿಯಾಗಿರಬೇಕು. ಈ ಔಷಧಿ ರಕ್ತದಲ್ಲಿ ಐದರಿಂದ ಏಳು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಫಿಟ್ಸ್‌ಗೆ ಮೂರು ಹೊತ್ತು ತೆಗೆದುಕೊಳ್ಳುವಾಗ ಎರಡು ಹೊತ್ತಿನ ನಡುವಿನ ಅಂತರ 12 ಗಂಟೆ ಮೀರಬಾರದು. ನಮ್ಮಲ್ಲಿ ಮೂರು ಹೊತ್ತು ಎಂದರೆ ಬೆಳಿಗ್ಗೆ ಎಂಟೂವರೆಯ ತಿಂಡಿ, ಒಂದು ಗಂಟೆಯ ಊಟ, ರಾತ್ರಿ ಎಂಟರ ಊಟ. ಲೆಕ್ಕ ಹಾಕಿ: ರಾತ್ರಿಯಿಂದ ಬೆಳಿಗ್ಗೆಗೆ ಹನ್ನೆರಡೂವರೆ ಗಂಟೆ ಆಯಿತು. ಅದಕ್ಕೇ ಊಟದ ಹೊತ್ತು ಬಿಟ್ಟು ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಬರೆದು ಕೊಡುತ್ತೇನೆ. ರಂಜಾನ್ ಉಪವಾಸ ಹಿಡಿಯುವವರಿಗೆ ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು-ಹದಿನಾಲ್ಕು ಗಂಟೆ ಆಗುತ್ತದೆ. ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕಂಡು ಬನ್ನಿ ಎಂದು ಅವರಿಗೆ ಹೇಳುತ್ತೇನೆ. ಶಿವರಾತ್ರಿ ಜಾಗರಣೆ, ಬೆಳತನಕದ ಯಕ್ಷಗಾನ ಇವುಗಳಲ್ಲಿ ಮಾತ್ರೆ ತಪ್ಪದಿದ್ದರೂ ನಿದ್ದೆಗೆಟ್ಟದ್ದೇ ಫಿಟ್ಸ್ ತರಬಹುದು. ಇದನ್ನು ಮನೆಯ ಹಿರಿಯರಿಗೂ ಕೇಳುವಂತೆ ಹೇಳುತ್ತೇನೆ, ಜಾಗರಣೆಗೆ ಕೂರಿಸುವವರು ಅವರೇ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಸೇರಿಸಿ ನುಂಗಿದರೂ ಪೂರ್ತಿ ದಕ್ಕುವುದಿಲ್ಲ, ಪ್ರಮಾಣ ಹೆಚ್ಚಿದಷ್ಟೂ ಕರುಳು ಹೀರುವ ಪಾಲು ಕಡಿಮೆಯಾಗುತ್ತದೆ. ದಿನಕ್ಕೆ 900 ಮಿ.ಗ್ರಾಂ. ಅನ್ನು ಮೂರು ಪಾಲಾಗಿ ಕೊಟ್ಟಾಗ ಸುಮಾರು 60 ಶೇಕಡ ರಕ್ತಕ್ಕೆ ಸೇರಿದರೆ, 2400 ಕೊಟ್ಟಾಗ ಸೇರುವುದು 34 ಶೇಕಡ ಮಾತ್ರ.

ಶುರು ಮಾಡುವ ಕ್ರಮ ಸಾಮಾನ್ಯವಾಗಿ ಮೊದಲ ದಿನ 300 ಒಂದು, ಎರಡನೆಯ ದಿನ ಎರಡು, ಮೂರನೆಯ ದಿನದಿಂದ ಮೂರು. ವಯಸ್ಸಾದವರಿಗೆ ಅನೇಕ ಡಾಕ್ಟರರು 100ರಿಂದ ಹತ್ತಿಸುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಮೊದಲ ವಾರ ಮಂಪರು, ತಲೆ ತಿರುಗುವುದು ಅನೇಕರಿಗೆ ಇರುತ್ತದೆ. ಬೈಕ್, ಟ್ರ್ಯಾಕ್ಟರ್, ಅಡಿಕೆ ಮರ ಹತ್ತುವ ಕೆಲಸ ಆ ವಾರ ಬೇಡ. ಫಿಟ್ಸ್ ಇರುವವರಿಗೆ ಡಾಕ್ಟರು ಒಪ್ಪುವ ತನಕವೂ ಬೇಡ. ರಾತ್ರಿ ಬಚ್ಚಲಿಗೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ದೀಪ ಹಾಕಿಕೊಂಡೇ ಏಳಬೇಕು. ನರದ ನೋವು ಎರಡೇ ದಿನಕ್ಕೆ ಇಳಿಯುವುದಿಲ್ಲ, ಕೆಲವು ವಾರ ಹಿಡಿಯುತ್ತದೆ. ನೋವು ಬಂದಾಗ ಮಾತ್ರ ನುಂಗುವ ಮಾತ್ರೆ ಇದಲ್ಲ. ಕಾಲು ಊದಿಕೊಂಡರೆ ಬಿಪಿಗೆ ಆಮ್ಲೋಡಿಪಿನ್ ಇದೆಯೇ ನೋಡುತ್ತೇನೆ, ಎರಡೂ ಊತ ತರುತ್ತವೆ. ಅದನ್ನು ಗಮನಿಸದೆ ಊತಕ್ಕೆಂದು ಮೂರನೆಯ ಮಾತ್ರೆ ಸೇರುವುದು ಬೇಡ. ಮನಸ್ಸು ಕುಗ್ಗಿದರೆ, ಸಾಯುವ ಮಾತಾಡಿದರೆ ಅದನ್ನೂ ಔಷಧಿಯ ಪರಿಣಾಮ ಇರಬಹುದೆಂದು ತಿಳಿದು ತಡಮಾಡದೆ ಡಾಕ್ಟರಿಗೆ ಹೇಳಬೇಕು. ಫಿಟ್ಸ್ ಔಷಧಿಗಳೆಲ್ಲಕ್ಕೂ 2008ರಿಂದ ಆ ಎಚ್ಚರಿಕೆ ಇದೆ.

ನಿಲ್ಲಿಸುವುದಕ್ಕೂ ಕ್ರಮವಿದೆ. ಕಡಿಮೆಯೆಂದರೂ ಒಂದು ವಾರ ಹಿಡಿದು ಇಳಿಸಬೇಕು, ಬಹಳ ಕಾಲ ತೆಗೆದುಕೊಂಡವರಿಗೆ ಇನ್ನೂ ನಿಧಾನ. ನೋವಿಗೆ ತೆಗೆದುಕೊಳ್ಳುವವರೂ ಒಮ್ಮೆಲೇ ಬಿಟ್ಟರೆ ನಿದ್ದೆ ಹೋಗುತ್ತದೆ, ಬೆವರುತ್ತಾರೆ, ಚಡಪಡಿಸುತ್ತಾರೆ. ಫಿಟ್ಸ್ ಇರುವವರಿಗೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು. ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ, ಆ ಹೊತ್ತಿನಲ್ಲಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಹಠಾತ್ತನೆ ನಿಲ್ಲಿಸಬಾರದೆಂಬ ಮಾತಿಗೆ ಹೊರತಾದ ಸಂದರ್ಭ ಒಂದಿದೆ, ಅದು ಹೆಚ್ಚಾಗಿ ಎದುರಾಗುವುದು ಕಾರ್ಬಮಜೆಪಿನ್‌ನಲ್ಲಿ. ಫಿಟ್ಸ್‌ಗೂ, ಮುಖ ತೊಳೆದರೆ, ಹಲ್ಲುಜ್ಜಿದರೆ ಮಿಂಚು ಹೊಡೆದಂತೆ ಬರುವ ಮುಖದ ನರಶೂಲೆಗೂ ಅದನ್ನು ಕೊಡುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ಜ್ವರದ ಜೊತೆ ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಗುಳ್ಳೆ ಏಳುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್‌ಗೆ ಬದಲಿ ಔಷಧಿ ಅಲ್ಲೇ ಕೊಡುತ್ತಾರೆ. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಇರುವವರಿಗೆ ಈ ಅಪಾಯ ಹೆಚ್ಚು, ಅದು ಏಷ್ಯಾದವರಲ್ಲೇ ಜಾಸ್ತಿ ಎಂದು 2007ರಲ್ಲಿ ಎಫ್‌ಡಿಎ ಹೇಳಿತು. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು, ಟಿಬಿಯ ಐಸೋನಿಯಾಜಿಡ್ ಇವು ಕಾರ್ಬಮಜೆಪಿನ್ ಮಟ್ಟವನ್ನು ಏರಿಸುತ್ತವೆ, ಒಂದು ವಸ್ತು ಎರಡಾಗಿ ಕಾಣುವುದೇ ಅದರ ಗುರುತು. ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆಯ ಕೆಲಸವನ್ನು ಕಾರ್ಬಮಜೆಪಿನ್ ಕುಂದಿಸುತ್ತದೆ, ಇದನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬಸುರಾದರೆಂದು ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಬೇಡ, ಮಗು ಬೇಕೆಂದುಕೊಂಡರೆ ಬಸುರಾಗುವ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು.

ಕಾರ್ಬಮಜೆಪಿನ್ ತೇವಕ್ಕೆ ಹೆದರುವ ಮಾತ್ರೆ. ತೇವ ಹೀರಿದರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಕರಗದೆ ಕೆಲಸ ಕಡಿಮೆಯಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ವಾರಕ್ಕಾಗುವಷ್ಟು ಮಾತ್ರೆ ಬಿಡಿಸಿ ಡಬ್ಬಿಯಲ್ಲಿ ಹಾಕಿಡಬೇಡಿ. ನುಂಗುವ ಹೊತ್ತಿಗೆ ಸ್ಟ್ರಿಪ್‌ನಿಂದ ತೆಗೆಯಿರಿ. ಬಚ್ಚಲ ಗೂಡು, ಒಲೆಯ ಮೇಲಿನ ಅಟ್ಟ ಎರಡೂ ಸಲ್ಲದು. 'ಸಿಆರ್' (ನಿಧಾನವಾಗಿ ಔಷಧಿ ಬಿಡುವ ಮಾತ್ರೆ) ಎಂದಿರುವುದನ್ನು ಕುಟ್ಟಿ ಪುಡಿ ಮಾಡಬಾರದು. ಫಿಟ್ಸ್‌ಗೆ ಕಾರ್ಬಮಜೆಪಿನ್, ಫೆನಿಟಾಯಿನ್ ತೆಗೆದುಕೊಳ್ಳುವವರಿಗೆ ಕಂಪನಿ ಬದಲಿಸದೆ ಕೊಡುತ್ತೇನೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇವೆರಡನ್ನೂ ಒಂದೇ ತಯಾರಕರದ್ದೇ ಕೊಡಬೇಕಾದ ಗುಂಪಿಗೆ ಸೇರಿಸಿತು. ಗ್ಯಾಬಪೆಂಟಿನ್ ಆ ಗುಂಪಿನಲ್ಲಿಲ್ಲ, ಹಾಗಾಗಿ ಜನೌಷಧಿಯದ್ದು ಅಗ್ಗವಾದರೆ ಧಾರಾಳವಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ಬಣ್ಣ ಬದಲಾದೀತು ಎಂದು ಮುಂಚೆಯೇ ತಿಳಿಸಿರುತ್ತೇನೆ.

ಕೊನೆಗೆ ಎಣಿಕೆ. ಮೂರು ಹೊತ್ತಿನವರಿಗೆ ತಿಂಗಳಿಗೆ 90 ಬೇಕು, ಹತ್ತರ ಸ್ಟ್ರಿಪ್ ಆದರೆ ಒಂಬತ್ತು. ದುಡ್ಡಿನ ಅಡಚಣೆಗೆ ಎರಡು ಸ್ಟ್ರಿಪ್ ಒಯ್ಯುವವರಿಗೆ ಆರು ದಿನ ಬರುತ್ತದೆ, ಏಳನೆಯ ದಿನ ಎರಡೇ ಉಳಿಯುತ್ತವೆ. ಮುಗಿಯುವ ದಿನಕ್ಕೆ ಎರಡು ದಿನ ಮೊದಲಿನ ತಾರೀಖನ್ನು ಕವರಿನ ಮೇಲೆ ಬರೆದು ಸುತ್ತು ಹಾಕುತ್ತೇನೆ. ಅದು ಭಾನುವಾರವೋ ಹಬ್ಬವೋ ಆದರೆ ಇನ್ನೂ ಒಂದು ದಿನ ಹಿಂದಕ್ಕೆ ಹಾಕುತ್ತೇನೆ.